ನಾಯಿ ಕಚ್ಚಿದಾಗ ದೇಹದೊಳಗಿನ ಎರಡು ಕಾವಲು ಪಡೆಗಳು ಏನು ಮಾಡುತ್ತವೆ?

2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಲಾಯಿತು. ಅದಕ್ಕೂ ಮುಂಚಿನ ಮೂರು ವರ್ಷ ಅಲ್ಲಿ ರೇಬೀಸ್‌ನಿಂದ ಒಬ್ಬ ಮನುಷ್ಯನೂ ಸತ್ತಿರಲಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯವಾದ ಈ ರೋಗದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ರೋಗನಿರೋಧಕ ಶಕ್ತಿ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು.

ದೇಹಕ್ಕೆ ಎರಡು ಪಡೆಗಳಿವೆ. ಒಂದು ಹುಟ್ಟಿನಿಂದಲೇ ಬಂದದ್ದು: ಚರ್ಮ, ಲೋಳೆಪೊರೆ, ಕಂಡ ರೋಗಾಣುವನ್ನು ನುಂಗುವ ಬಿಳಿ ರಕ್ತಕಣಗಳು. ಇದು ನಿಮಿಷ, ಗಂಟೆಗಳಲ್ಲೇ ಎದ್ದು ನಿಲ್ಲುತ್ತದೆ, ಆದರೆ ವೈರಿಯ ಗುರುತು ನೆನಪಿಟ್ಟುಕೊಳ್ಳುವುದು ಅದರ ಕೆಲಸವಲ್ಲ. ಇನ್ನೊಂದು ಕಲಿತು ಬರುವ ಪಡೆ: ಟಿ ಕೋಶ ಮತ್ತು ಬಿ ಕೋಶಗಳದ್ದು. ಒಂದೊಂದು ರೋಗಾಣುವಿಗೂ ಹೊಂದುವ ಪ್ರತಿಕಾಯ ತಯಾರಿಸುತ್ತದೆ, ನೆನಪೂ ಇಡುತ್ತದೆ. ಆದರೆ ಮೊದಲ ಸಲ ಸಿದ್ಧವಾಗಲು ಒಂದೆರಡು ವಾರ ಬೇಕು.

ಎರಡನೆಯ ಪಡೆ ತಾನಾಗಿ ಏಳುವುದಿಲ್ಲ. ಮೊದಲ ಪಡೆಯ ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ತೋರಿಸಬೇಕು. ರೇಬೀಸ್ ವೈರಾಣುವಿನ ಕಳ್ಳಾಟ ಇರುವುದೇ ಇಲ್ಲಿ. ಗಾಯದ ಸುತ್ತ ಅದು ಹೆಚ್ಚು ಕೋಶಗಳನ್ನು ಕೊಲ್ಲುವುದಿಲ್ಲ, ಕೋಶಗಳು ಎಬ್ಬಿಸುವ ಇಂಟರ್‌ಫೆರಾನ್ ಎಂಬ ಅಪಾಯದ ಗಂಟೆಯನ್ನೂ ಅಡಗಿಸುತ್ತದೆ. ಸದ್ದಿಲ್ಲದೆ ನರದೊಳಗೆ ನುಸುಳಿ ಮೆದುಳಿನ ಕಡೆ ನಡೆಯುತ್ತದೆ. ಸಾಮಾನ್ಯವಾಗಿ ಇದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಒಂದೇ ವಾರ ಸಾಕು. ಚಿಕಿತ್ಸೆಗೆ ಸಿಗುವ ಸಮಯ ಇದೇ.

ಹಾಗಾಗಿ ಮೊದಲು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಬೇಕು. ಮೆಣಸಿನ ಪುಡಿ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಆಮೇಲೆ ತಡ ಮಾಡದೆ ಆಸ್ಪತ್ರೆ. ಅಲ್ಲಿ ಕೊಡುವ ಲಸಿಕೆಯಲ್ಲಿರುವುದು ಸತ್ತ ವೈರಾಣು. ಅದನ್ನು ತೋಳಿನ ಚರ್ಮದ ಪದರದೊಳಗೆ 0, 3, 7, 28ನೇ ದಿನ ಕೊಡುವ ಪದ್ಧತಿ ಇದೆ. ಚರ್ಮದಲ್ಲಿ ಡೆಂಡ್ರಿಟಿಕ್ ಕೋಶಗಳು ತುಂಬಾ ಇರುವುದರಿಂದ ಒಂದೊಂದು ಜಾಗಕ್ಕೆ 0.1 ಮಿಲಿಲೀಟರ್ ಸಾಕು. ನರದಲ್ಲಿ ಅಡಗಿದ ಕಳ್ಳನ ಫೋಟೋವನ್ನು ನಾವೇ ಠಾಣೆಗೆ ತಲುಪಿಸಿದ ಹಾಗೆ! (ಹೊಟ್ಟೆಗೆ 14 ಇಂಜೆಕ್ಷನ್ ಅಂತ ಹಿರಿಯರು ಈಗಲೂ ಹೆದರಿಸುತ್ತಾರೆ. ಆ ಹಳೇ ಲಸಿಕೆ ಬಳಕೆ ನಿಂತು ಎಷ್ಟೋ ವರ್ಷವಾಯಿತು.)

ಗಾಯ ಆಳವಾಗಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಸ್ವಂತ ಪ್ರತಿಕಾಯ ಬರುವ ತನಕದ ಆ ಒಂದೆರಡು ವಾರ ಯಾರು ಕಾಯಬೇಕು? ಅದಕ್ಕೇ ತಯಾರಾದ ಪ್ರತಿಕಾಯವನ್ನು, ಅಂದರೆ ಇಮ್ಯುನೋಗ್ಲೋಬ್ಯುಲಿನ್ ಅನ್ನು, ನೇರ ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ನಮ್ಮಲ್ಲಿ ತುಂಬಾ ಜನ ಟಿಟಿ ಹಾಕಿಸಿಕೊಂಡು ಮುಗಿಯಿತು ಅಂದುಕೊಳ್ಳುತ್ತಾರೆ. ಟಿಟಿ ಧನುರ್ವಾಯುವಿಗೆ, ರೇಬೀಸ್‌ಗಲ್ಲ. ಡಾಕ್ಟರ್ ಬಳಿ ಇಮ್ಯುನೋಗ್ಲೋಬ್ಯುಲಿನ್ ಬೇಕೇ ಎಂದು ಬಾಯಿ ಬಿಟ್ಟು ಕೇಳಿ.

ಮೊದಲೇ ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನ ಎರಡು ಸಲ ಸಾಕಾಗುತ್ತದೆ, ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ನೆನಪಿನ ಕೋಶಗಳು ಕೆಲವೇ ದಿನಗಳಲ್ಲಿ ಎದ್ದು ಬರುತ್ತವೆ. ಆದರೂ ಗಾಯ ತೊಳೆಯಲೇಬೇಕು.

ಗೋವಾ ಮಾಡಿದ್ದು ಇದೇ ನೆನಪನ್ನು ನಾಯಿಗಳ ದೇಹದಲ್ಲಿ ಕೂರಿಸಿದ್ದು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ. 99ರಷ್ಟು ನಾಯಿಯಿಂದಲೇ ಬರುತ್ತದೆ. ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಸಿಕ್ಕರೆ ವೈರಾಣು ಹರಡಲು ದಾರಿ ಸಿಗುವುದಿಲ್ಲ. ಮಿಷನ್ ರೇಬೀಸ್ ಸಂಸ್ಥೆ ಮತ್ತು ರಾಜ್ಯ ಸರಕಾರದ ತಂಡಗಳು ಬೀದಿನಾಯಿಗಳನ್ನು ಬಲೆಯಲ್ಲಿ ಹಿಡಿದು, ಲಸಿಕೆ ಚುಚ್ಚಿ, ಬಣ್ಣದ ಗುರುತು ಹಾಕಿ, ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿ ಬಿಟ್ಟವು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಾಯಿಗಳಲ್ಲಿ ತಿಂಗಳಿಗೆ ಕಾಣುವ ರೇಬೀಸ್ ಶೇ. 92ರಷ್ಟು ಇಳಿದಿತ್ತು. ಆದರೆ ಹೊಸದಾಗಿ ಹುಟ್ಟುವ ಮರಿಗಳಿಗೆ ಆ ನೆನಪು ಇರುವುದಿಲ್ಲ. ಅದಕ್ಕೇ ಬಲೆ ಹಿಡಿದು ಪ್ರತಿ ವರ್ಷವೂ ಹೊರಡಬೇಕಾಗುತ್ತದೆ.