ಅಲ್ಪಮತದ ದೀರ್ಘಾಡಳಿತ: ಆಲ್ಬರ್ಟ್ ಡನ್‌ಸ್ಟನ್

ಜನಾನುಮತದಿಂದ ನಡೆಯುವ ರಾಜ್ಯದಲ್ಲಿ ಬಹುಮತವುಳ್ಳವರೇ ಆಳುವರೆಂದು ನಾವು ನಂಬಿರುವೆವು. ಈ ನಂಬಿಕೆಗೆ ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನದ ಚರಿತ್ರೆಯು ವಿಚಿತ್ರವಾದೊಂದು ಅಪವಾದವನ್ನು ಒದಗಿಸುತ್ತದೆ. ಅಲ್ಲಿ ಆಲ್ಬರ್ಟ್ ಡನ್‌ಸ್ಟನ್ ಎಂಬ ರೈತ ಮುಖಂಡನು, ಶಾಸನಸಭೆಯ ಸುಮಾರು ಮೂರನೆಯ ಒಂದು ಪಾಲಿನಷ್ಟು ಸದಸ್ಯರ ಪಕ್ಷವನ್ನು ಬೆನ್ನಿಗಿಟ್ಟುಕೊಂಡು, 1935ರಿಂದ 1945ರ ವರೆಗೆ, ನಡುವಣ ನಾಲ್ಕು ದಿನಗಳ ಹೊರತು, ಪ್ರೀಮಿಯರ್ ಪದವಿಯಲ್ಲಿದ್ದನು.

ಡನ್‌ಸ್ಟನ್ನನು 1882ರಲ್ಲಿ ಹುಟ್ಟಿದನು. 1920ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದನು. 65 ಸದಸ್ಯರ ಆ ಸಭೆಯಲ್ಲಿ ಮೂರು ಪಕ್ಷಗಳಿದ್ದುವು: ನಗರದ ವರ್ತಕರೂ ಸಿರಿವಂತರೂ ಮೆಚ್ಚಿದ ಸಂಯುಕ್ತ ಆಸ್ಟ್ರೇಲಿಯ ಪಕ್ಷ, ಕಾರ್ಮಿಕರ ಪಕ್ಷ, ಡನ್‌ಸ್ಟನ್ನನ ಗ್ರಾಮೀಣ ಪಕ್ಷ. ಮೂರಕ್ಕೂ ಸ್ವಂತ ಬಹುಮತವಿಲ್ಲ. ಇಂಥಲ್ಲಿ ತಕ್ಕಡಿಯ ಮುಳ್ಳನ್ನು ಹಿಡಿದವನಿಗೇ ಮೇಲುಗೈ.

1935ರ ಮಾರ್ಚಿಯ ಚುನಾವಣೆಗೆ ಮುನ್ನ ಗ್ರಾಮೀಣ ಪಕ್ಷವು ಸರ್ ಸ್ಟ್ಯಾನ್ಲಿ ಆರ್ಗೈಲನ ಮಂತ್ರಿಮಂಡಲದಲ್ಲಿ ಪಾಲುದಾರನಾಗಿದ್ದಿತು. ಗೆಲುವು ಬಂದ ಕೆಲವೇ ವಾರಗಳಲ್ಲಿ ಡನ್‌ಸ್ಟನ್ನನು ಜೊತೆಗಾರನನ್ನು ತೊರೆದು, ಕಾರ್ಮಿಕ ಪಕ್ಷದ ಬೆಂಬಲದಿಂದ ಅವನನ್ನು ಕೆಡವಿ, ಏಪ್ರಿಲ್ 2ರಂದು ತಾನೇ ಅಧಿಕಾರ ಹಿಡಿದನು. ಕಾರ್ಮಿಕರು ಮಂತ್ರಿಪದವಿಯನ್ನು ಬೇಡಲಿಲ್ಲ. ತಮಗೆ ಹಿತವಾದ ಶಾಸನಗಳನ್ನು ಬೇಡಿದರು. ಆರ್ಥಿಕ ಮುಗ್ಗಟ್ಟಿನಲ್ಲಿ ಗೋಧಿಯ ಬೆಲೆ ಕುಸಿದು ಬಸವಳಿದಿದ್ದ ರೈತರಿಗಾಗಿ ಅದೇ ವರ್ಷ ಋಣಪರಿಹಾರದ ಶಾಸನವಾಯಿತು. 1939ರ ಜನವರಿ 13ರ ಕಾಳ್ಗಿಚ್ಚಿನ ದುರಂತದಲ್ಲಿ ಅನೇಕರು ಸತ್ತರು. ಅದರ ವಿಚಾರಣೆಯಿಂದ ಹುಟ್ಟಿದ ಸಲಹೆಗಳ ಫಲವಾಗಿ, ಹಳ್ಳಿನಾಡಿನ ಬೆಂಕಿಯನ್ನೆದುರಿಸುವ ಸಂಸ್ಥೆಗೆ 1944ರಲ್ಲಿ ಶಾಸನವೇರ್ಪಟ್ಟಿತು. ಇಷ್ಟನ್ನು ಅವನ ಹೆಸರಿಗೆ ಜಮೆ ಮಾಡುವುದು ನ್ಯಾಯ.

ಆದರೆ ಈ ಬಲದ ಮೂಲವಾವುದು? ಕ್ಷೇತ್ರವಿಂಗಡಣೆಯಲ್ಲಿ ಹಳ್ಳಿಯ ಒಂದು ಮತವು ಮೆಲ್ಬೋರ್ನ್ ನಗರದ ಸುಮಾರು ಎರಡು ಮತಗಳಿಗೆ ಸಮನಾಗಿ ತೂಗುತ್ತಿದ್ದಿತು. ಸಂಸ್ಥಾನದ ಜನರಲ್ಲಿ ಅರ್ಧದಷ್ಟು ಮಂದಿ ಆ ಒಂದೇ ನಗರದಲ್ಲಿದ್ದರೂ ಸಭೆಯಲ್ಲಿ ಅವರ ದನಿ ಕ್ಷೀಣವಾಗಿದ್ದಿತು. ಇತರ ಎರಡು ಪಕ್ಷಗಳಿಗೆ ಡನ್‌ಸ್ಟನ್ನನ ಮೇಲೆ ಅಸಮಾಧಾನವಿದ್ದರೂ, ಒಂದಕ್ಕೊಂದರ ಮೇಲಿನ ದ್ವೇಷವು ಅದಕ್ಕಿಂತ ಹೆಚ್ಚಿನದಾಗಿದ್ದಿತು. ಅದೇ ಅವನ ಕೋಟೆ.

1943ರ ಸೆಪ್ಟೆಂಬರ್ 14ರಂದು ಆ ಕೋಟೆ ಬಿರಿಯಿತು. ಅವನನ್ನು ಇಳಿಸಿ ಕಾರ್ಮಿಕ ನಾಯಕ ಜಾನ್ ಕೇನನು ಮಂತ್ರಿಮಂಡಲ ರಚಿಸಿದನು; ಅದು 18ರಂದೇ ಉರುಳಿತು. ಡನ್‌ಸ್ಟನ್ನನು ತಾನು ಹಿಂದೆ ತೊರೆದಿದ್ದ ಸಂಯುಕ್ತ ಪಕ್ಷದೊಡನೆಯೇ ಕೂಡಿ ಮರಳಿದನು. ಮರುವರ್ಷ ಕ್ಷೇತ್ರಗಳ ಪುನರ್ವಿಂಗಡಣೆಯಾಯಿತು. 1945ರ ಅಕ್ಟೋಬರ್ 2ರಂದು ಅವನ ಆಳ್ವಿಕೆ ಮುಗಿಯಿತು. ಪದವಿಗೇರಿದವನು ಅವನೊಡನೆ ಕೂಡಿದ್ದ ಪಕ್ಷದ ಉಪನಾಯಕನಾಗಿದ್ದ ಇಯಾನ್ ಮ್ಯಾಕ್‌ಫಾರ್ಲನ್! ಆರ್ಗೈಲನಿಗೆ ಕಲಿಸಿದ ಪಾಠವು ಗುರುವಿಗೇ ತಿರುಗಿಬಂದಿತು. ಅವನು 1950ರಲ್ಲಿ ತೀರಿಕೊಂಡನು.

ಡನ್‌ಸ್ಟನ್ನನನ್ನು ಬರಿಯ ಕುಟಿಲನೆಂದು ತಳ್ಳಿಹಾಕುವುದು ಸುಲಭ. ಅವನು ನಿಯಮಗಳನ್ನು ಮುರಿಯಲಿಲ್ಲ. ಇದ್ದ ನಿಯಮಗಳನ್ನು ಇತರರಿಗಿಂತ ಚೆನ್ನಾಗಿ ಬಳಸಿದನು. ಅಲ್ಪಮತದ ಸರ್ಕಾರವು ತನ್ನಷ್ಟಕ್ಕೆ ಅನ್ಯಾಯವಲ್ಲ. ಇತರರ ಒಪ್ಪಿಗೆಯನ್ನು ಪ್ರತಿದಿನವೂ ಸಂಪಾದಿಸಬೇಕಾದ ಅದಕ್ಕೆ ವಿನಯವು ಸಹಜವಾದೀತು. ಆದರೆ ಮತಗಳ ತೂಕದಲ್ಲಿಯೇ ಮೋಸವಿದ್ದರೆ ಆ ವಿನಯಕ್ಕೆ ಬೆಲೆಯಿಲ್ಲ. ಆಳುವವನ ಗುಣವನ್ನು ಅಳೆಯುವ ಮೊದಲು ಅಳತೆಗೋಲನ್ನೇ ಪರೀಕ್ಷಿಸಬೇಕೆಂಬುದು ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ.