ಯಿಲ್ಮಾಜ್ ಗುನೇ: ಒಬ್ಬ ಕುರ್ದಿ ಚಿತ್ರಕಾರನ ಜೀವಿತ ಮತ್ತು ಕರ್ತೃತ್ವವಿಚಾರ

ಒಂದು ಕೃತಿಗೆ ಕರ್ತೃವು ಯಾರೆಂಬ ಪ್ರಶ್ನೆಯು ಸಾಹಿತ್ಯಚರಿತ್ರಕಾರರಿಗೆ ಹೊಸದಲ್ಲ. ಅಂಕಿತವಿಲ್ಲದ ಕಾವ್ಯ, ಒಬ್ಬನು ಆರಂಭಿಸಿ ಮತ್ತೊಬ್ಬನು ಪೂರೈಸಿದ ಗ್ರಂಥ, ಪೋಷಕನ ಹೆಸರಿನಲ್ಲಿ ಪ್ರಚುರವಾದ ಶಾಸ್ತ್ರ, ಇವುಗಳ ವಿಷಯದಲ್ಲಿ ವಿದ್ವಾಂಸರು ಬಹುಕಾಲದಿಂದ ವಿಚಾರಮಾಡುತ್ತ ಬಂದಿರುವರು. ಚಲಚ್ಚಿತ್ರದ ಚರಿತ್ರೆಯಲ್ಲಿ ಇದೇ ಪ್ರಶ್ನೆಯನ್ನು ಅತ್ಯಂತ ತೀವ್ರವಾಗಿ ಎಬ್ಬಿಸುವ ಜೀವಿತವೊಂದುಂಟು. ತುರ್ಕಿ ದೇಶದ ಕುರ್ದಿ ಚಿತ್ರಕಾರನಾದ ಯಿಲ್ಮಾಜ್ ಗುನೇಯು ತನ್ನ ಶ್ರೇಷ್ಠಕೃತಿಗಳಲ್ಲಿ ಕೆಲವನ್ನು ಸೆರೆಮನೆಯೊಳಗಿದ್ದುಕೊಂಡು ನಿರ್ಮಿಸಿದನು. ಅವುಗಳ ಚಿತ್ರೀಕರಣವನ್ನು ಆತನು ಕಣ್ಣಿನಿಂದ ಕಂಡವನಲ್ಲ. ಮೇಲಾಗಿ ತನ್ನ ಜನರ ಕಥೆಯನ್ನು ಆ ಜನರ ಭಾಷೆಯಲ್ಲಿ ಹೇಳುವ ಸ್ವಾತಂತ್ರ್ಯವೂ ಆತನಿಗಿರಲಿಲ್ಲ. ಸ್ಥಳದಲ್ಲಿಲ್ಲದವನು ನಿರ್ದೇಶಕನೆನಿಸುವುದು ಹೇಗೆ? ಕುರ್ದಿ ನುಡಿಯಲ್ಲಿಲ್ಲದ ಚಿತ್ರವು ಕುರ್ದಿ ಚಿತ್ರವೆನಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಆತನ ಜೀವಿತವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಜನ್ಮ ಮತ್ತು ಪೂರ್ವವೃತ್ತಾಂತ

ಕುರ್ದರು ತುರ್ಕಿ, ಇರಾನ್, ಇರಾಕ್, ಸಿರಿಯಾ ಎಂಬ ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿರುವ ಪ್ರಾಚೀನ ಜನಾಂಗ. ಇವರ ನುಡಿಯು ಇರಾನೀ ಶಾಖೆಗೆ ಸೇರಿದುದು. ತುರ್ಕಿ ಭಾಷೆಗೂ ಅದಕ್ಕೂ ವಂಶಸಂಬಂಧವಿಲ್ಲ. ೧೯೨೩ರಲ್ಲಿ ಸ್ಥಾಪಿತವಾದ ತುರ್ಕಿ ಗಣರಾಜ್ಯವು ಒಂದೇ ರಾಷ್ಟ್ರ, ಒಂದೇ ಭಾಷೆ ಎಂಬ ತತ್ತ್ವವನ್ನು ಹಿಡಿದುದರಿಂದ ಕುರ್ದಿ ನುಡಿಗೆ ಶಾಲೆಯಲ್ಲಿಯೂ ಮುದ್ರಣದಲ್ಲಿಯೂ ಎಡೆಯಿಲ್ಲದೆ ಹೋಯಿತು.

ಗುನೇಯು ೧೯೩೭ರಲ್ಲಿ ಅದಾನಾ ನಗರದ ಸಮೀಪದ ಯೆನಿಜೆ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯು ಸಿವೆರೆಕ್ ಪ್ರಾಂತದವನು, ತಾಯಿಯು ಮುಶ್ ಪ್ರಾಂತದ ವಾರ್ತೋ ಕಡೆಯವಳು, ಇಬ್ಬರೂ ಕುರ್ದರು. ಅದಾನಾದ ಸುತ್ತಣ ಚುಕುರೋವಾ ಬಯಲು ಹತ್ತಿಯ ಬೆಳೆಗೆ ಹೆಸರಾದುದು. ಹತ್ತಿಯ ಹೊಲಗಳಲ್ಲಿ ಕೂಲಿಮಾಡುವವರ ನಡುವೆ ಬಾಲಕನು ಬೆಳೆದನು. ಮನೆತನದ ಹೆಸರು ಪುತುನ್ ಎಂದಿದ್ದಿತು. ‘ಗುನೇ’ ಎಂಬುದು ಆತನೇ ಮುಂದೆ ಧರಿಸಿದ ಹೆಸರು. ತುರ್ಕಿ ಭಾಷೆಯಲ್ಲಿ ಅದಕ್ಕೆ ದಕ್ಷಿಣವೆಂದರ್ಥ.

ಆತನು ಅಂಕಾರಾದಲ್ಲಿ ನ್ಯಾಯಶಾಸ್ತ್ರವನ್ನೂ ಇಸ್ತಾಂಬುಲಿನಲ್ಲಿ ಅರ್ಥಶಾಸ್ತ್ರವನ್ನೂ ಅಭ್ಯಾಸಮಾಡಲು ತೊಡಗಿದನಾದರೂ ಮನಸ್ಸು ನೆಟ್ಟುದು ಕಥಾರಚನೆಯಲ್ಲಿ ಮತ್ತು ಚಲಚ್ಚಿತ್ರದಲ್ಲಿ. ನಿರ್ದೇಶಕ ಆತಿಫ್ ಯಿಲ್ಮಾಜನ ಆಶ್ರಯದಲ್ಲಿ ೧೯೫೯ರ ವೇಳೆಗೆ ಚಿತ್ರಕಥೆಗಾರನಾಗಿಯೂ ನಟನಾಗಿಯೂ ಕಾಣಿಸಿಕೊಂಡನು. ಆದರೆ ತಾನು ಬರೆದ ಒಂದು ಕಥೆಯಲ್ಲಿ ಸಾಮ್ಯವಾದದ ಪ್ರಚಾರವಿದೆಯೆಂಬ ಆರೋಪದ ಮೇಲೆ ೧೯೬೧ರಲ್ಲಿ ಸೆರೆಮನೆಯನ್ನು ಸೇರಬೇಕಾಯಿತು. ಅಲ್ಲಿ ಬರೆದ ಕಾದಂಬರಿಯು ಹತ್ತು ವರ್ಷಗಳ ತರುವಾಯ ಪ್ರಕಟವಾಗಿ, ೧೯೭೨ರಲ್ಲಿ ಓರ್ಹಾನ್ ಕೆಮಾಲ್ ಬಹುಮಾನವನ್ನು ಪಡೆಯಿತು. ಸೆರೆಮನೆಯು ಗುನೇಗೆ ಬರವಣಿಗೆಯ ಮನೆಯಾದುದು ಇಲ್ಲಿಂದಲೇ ಎಂಬುದನ್ನು ಗಮನಿಸಬೇಕು.

೨. ನಟನಿಂದ ನಿರ್ದೇಶಕ

ಬಿಡುಗಡೆಯಾದ ಮೇಲೆ ಆತನು ಜನಪ್ರಿಯನಟನಾದನು. ಆ ಕಾಲದ ನಾಯಕರು ಸುಂದರರೂ ನಾಗರಿಕರೂ ಆಗಿರುತ್ತಿದ್ದರು. ಗುನೇಯದು ಬಿಸಿಲಿನಲ್ಲಿ ಬೆಂದ ಹಳ್ಳಿಗನ ಮುಖ. ಜನರು ಆತನನ್ನು ‘ಕುರೂಪಿ ದೊರೆ’ ಎಂದು ಪ್ರೀತಿಯಿಂದ ಕರೆದರು. ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಅಭಿನಯಿಸಿದನು. ಇವುಗಳಲ್ಲಿ ಬಹುಭಾಗವು ಅವಸರದಲ್ಲಿ ತಯಾರಾದ ಸಾಹಸಕಥೆಗಳು. ಆದರೆ ೧೯೬೬ರಲ್ಲಿ ಲುತ್ಫಿ ಆಕಾದನು ನಿರ್ದೇಶಿಸಿದ ‘ಗಡಿಗಳ ಕಾನೂನು’ ಎಂಬ ಚಿತ್ರವು ಗಡಿನಾಡಿನ ಕಳ್ಳಸಾಗಣೆಗಾರರ ದುರ್ದಶೆಯನ್ನು ತೋರಿಸಿ, ಗುನೇಯ ಮುಂದಿನ ಹಾದಿಯನ್ನು ಸೂಚಿಸಿತು.

೧೯೬೮ರ ‘ಸೆಯ್ಯಿತ್ ಹಾನ್’ ಚಿತ್ರದಿಂದ ನಿರ್ದೇಶಕನಾಗಿ ಆತನ ಹೆಸರು ನೆಲೆಗೊಂಡಿತು. ೧೯೭೦ರ ‘ಉಮುತ್’, ಎಂದರೆ ಆಶೆ, ಆತನ ಮೊದಲನೆಯ ಮಹಾಕೃತಿ. ಅದಾನಾದ ಬಡ ಗಾಡಿಕಾರನಾದ ಜಬ್ಬಾರನ ಕುದುರೆಯೊಂದು ಮೋಟಾರು ಬಡಿದು ಸಾಯುತ್ತದೆ. ಸಾಲಗಾರರು ಗಾಡಿಯನ್ನೂ ಒಯ್ಯುತ್ತಾರೆ. ಲಾಟರಿ ಚೀಟಿಗಳಲ್ಲಿ ನಂಬಿಕೆಯಿಟ್ಟು ಸೋತವನು ಕೊನೆಗೆ ಒಬ್ಬ ಮಂತ್ರವಾದಿಯ ಮಾತನ್ನು ನಂಬಿ ಹೂತಿಟ್ಟ ನಿಧಿಯನ್ನು ಹುಡುಕಲು ಹೋಗುತ್ತಾನೆ. ಕಣ್ಣುಕಟ್ಟಿಕೊಂಡು ಬಯಲಿನಲ್ಲಿ ಸುತ್ತುತ್ತಿರುವ ಆತನ ದೃಶ್ಯದೊಡನೆ ಚಿತ್ರವು ಮುಗಿಯುತ್ತದೆ. ಇಲ್ಲಿ ಖಳನಿಲ್ಲ, ಭಾಷಣವಿಲ್ಲ. ದಾರಿದ್ರ್ಯವು ಮನುಷ್ಯನ ವಿವೇಕವನ್ನು ಹೇಗೆ ಕದಿಯುತ್ತದೆಂಬುದಷ್ಟೆ ಇದೆ. ಸೆನ್ಸಾರಿನವರು ಇದನ್ನು ನಿಷೇಧಿಸಿದುದು ಆಶ್ಚರ್ಯವಲ್ಲ.

೩. ಸೆರೆ

೧೯೭೨ರಲ್ಲಿ, ಸರ್ಕಾರವು ಹುಡುಕುತ್ತಿದ್ದ ವಿದ್ಯಾರ್ಥಿ ಕ್ರಾಂತಿಕಾರರಿಗೆ ಆಶ್ರಯವಿತ್ತನೆಂದು ಗುನೇಯು ಬಂಧಿತನಾಗಿ, ೧೯೭೪ರ ಸಾಮೂಹಿಕ ಕ್ಷಮಾದಾನದಿಂದ ಹೊರಬಂದನು. ಸ್ವಾತಂತ್ರ್ಯವು ಕೆಲವು ತಿಂಗಳು ಮಾತ್ರ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುಮುರ್ತಲಿಕ್ ಎಂಬ ಊರಿನ ಭೋಜನಶಾಲೆಯಲ್ಲಿ ನಡೆದ ಜಗಳದಲ್ಲಿ ಒಬ್ಬ ನ್ಯಾಯಾಧೀಶನು ಗುಂಡಿಗೆ ಬಲಿಯಾದನು. ಗುನೇಯೇ ಕೊಂದನೆಂದು ನ್ಯಾಯಾಲಯವು ನಿರ್ಣಯಿಸಿ ೧೯ ವರ್ಷಗಳ ಶಿಕ್ಷೆಯನ್ನು ವಿಧಿಸಿತು. ಆತನ ಅಭಿಮಾನಿಗಳು ಈ ಸಂಗತಿಯನ್ನು ಬೇಗನೆ ದಾಟಿಹೋಗಲು ಬಯಸುತ್ತಾರೆ. ವಿರೋಧಿಗಳು ಇದೊಂದನ್ನೇ ಹೇಳುತ್ತಾರೆ. ಚರಿತ್ರಕಾರನಿಗೆ ಎರಡೂ ಸಲ್ಲವು. ಮೊದಲನೆಯ ಸೆರೆಗಳಿಗೆ ಕಾರಣವು ಬರಹ ಮತ್ತು ಮತ. ಈ ಸೆರೆಗೆ ಕಾರಣವು ಒಬ್ಬ ಮನುಷ್ಯನ ಮರಣ. ಇವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಕೃತಿಗಳ ಹಿರಿಮೆಯು ಆ ಮರಣವನ್ನು ಅಳಿಸಲಾರದು. ಆ ಮರಣವು ಕೃತಿಗಳ ಸತ್ಯವನ್ನು ಸುಳ್ಳುಮಾಡಲಾರದು.

ಸೆರೆಯಲ್ಲಿದ್ದ ಗುನೇಯು ದೃಶ್ಯದೃಶ್ಯವಾಗಿ ಚಿತ್ರಕಥೆಗಳನ್ನು ಬರೆದು, ಕಾಣಲು ಬಂದವರ ಮೂಲಕ ಸೂಚನೆಗಳನ್ನು ಕಳುಹಿಸುತ್ತಿದ್ದನು. ಹೀಗೆ ಜೆಕಿ ಓಕ್ತೆನನ ನಿರ್ದೇಶನದಲ್ಲಿ ‘ಸುರು’ (೧೯೭೮) ಮತ್ತು ‘ದುಶ್ಮನ್’ (೧೯೭೯) ಸಿದ್ಧವಾದವು. ‘ಸುರು’ ಎಂದರೆ ಹಿಂಡು. ಕುಲವೈರದಿಂದ ಸವೆದ ಒಂದು ಪಶುಪಾಲಕ ಕುಟುಂಬವು ಕುರಿಗಳನ್ನು ರೈಲಿನಲ್ಲಿ ಅಂಕಾರಾಕ್ಕೆ ಸಾಗಿಸುವ ಕಥೆ. ಇದಕ್ಕೆ ೧೯೭೯ರಲ್ಲಿ ಲೊಕಾರ್ನೋ ಉತ್ಸವದ ಅಗ್ರಪ್ರಶಸ್ತಿಯು ದೊರೆಯಿತು. ಇದರ ನಾಯಿಕೆಯಾದ ಬೆರಿವಾನಳು ಮಾತನ್ನೇ ಬಿಟ್ಟವಳು. ಚಿತ್ರವು ವಾಸ್ತವವಾಗಿ ಕುರ್ದ ಜನರ ಚರಿತ್ರೆಯೆಂದೂ, ಅವರ ಭಾಷೆಯನ್ನು ಬಳಸಿದ್ದರೆ ಅದರಲ್ಲಿ ಕೆಲಸಮಾಡಿದವರೆಲ್ಲ ಸೆರೆಮನೆಗೆ ಹೋಗಬೇಕಾಗುತ್ತಿತ್ತೆಂದೂ ಗುನೇಯು ಮುಂದೆ ತಿಳಿಸಿದನು. ಇದನ್ನು ತಿಳಿದು ನೋಡಿದಾಗ ಬೆರಿವಾನಳ ಮೌನವು ಒಬ್ಬ ಹೆಂಗಸಿನ ವ್ಯಾಧಿಯಷ್ಟೇ ಆಗಿ ಉಳಿಯುವುದಿಲ್ಲ.

೪. ‘ಯೋಲ್’

೧೯೮೦ರ ಸೆಪ್ಟೆಂಬರ್ ೧೨ರಂದು ಸೈನ್ಯವು ತುರ್ಕಿಯ ಆಡಳಿತವನ್ನು ಕೈವಶಮಾಡಿಕೊಂಡಿತು. ಇದರ ನೆರಳಿನಲ್ಲಿಯೇ ‘ಯೋಲ್’ (ದಾರಿ) ಚಿತ್ರೀಕರಣವಾಯಿತು. ಮೊದಲು ಎರ್ದೆನ್ ಕಿರಾಲನಿಗೆ ಒಪ್ಪಿಸಿದ್ದ ಕೆಲಸವನ್ನು ಗುನೇಯು ಹಿಂದಕ್ಕೆ ಪಡೆದು, ಪೂರ್ವದಲ್ಲಿ ತನ್ನ ಸಹಾಯಕನಾಗಿದ್ದ ಶೆರಿಫ್ ಗೊರೆನನಿಗೆ ವಹಿಸಿದನು. ೧೯೮೧ರ ಅಕ್ಟೋಬರಿನಲ್ಲಿ ರಜೆಯ ಮೇಲೆ ಸೆರೆಮನೆಯಿಂದ ಹೊರಬಂದವನು ಹಿಂದಿರುಗದೆ ದೇಶಬಿಟ್ಟು ಹೋದನು. ರಜೆ ಪಡೆದ ಕೈದಿಗಳ ಕಥೆಯನ್ನು ಬರೆದವನು ರಜೆಯಲ್ಲಿಯೇ ತಪ್ಪಿಸಿಕೊಂಡನೆಂಬುದು ವಿಚಿತ್ರವಾದರೂ ನಿಜ. ದೇಶದಿಂದ ಹೊರಸಾಗಿಸಿದ ಸುರುಳಿಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಆತನೇ ಸಂಕಲನಗೊಳಿಸಿದನು. ಎಲಿಜಬೆತ್ ವೆಲ್ಖ್‌ಲಿಯು ಈ ಕಾರ್ಯದಲ್ಲಿ ಸಹಕರಿಸಿದಳು.

ಒಂದು ವಾರದ ರಜೆಯಲ್ಲಿ ಊರಿಗೆ ಹೊರಟ ಐವರು ಕೈದಿಗಳು ಇದರ ಪಾತ್ರಗಳು. ಒಬ್ಬನು ಗುರುತಿನ ಚೀಟಿಯನ್ನು ಕಳೆದುಕೊಂಡು ದಾರಿಯಲ್ಲೇ ಬಂಧಿತನಾಗುತ್ತಾನೆ. ಸೆಯಿತ್ ಅಲಿಯು, ಕುಲಗೌರವದ ಹೆಸರಿನಲ್ಲಿ ಹೆಂಡತಿಯನ್ನು ಕೊಲ್ಲಬೇಕೆಂಬ ಬಂಧುಗಳ ಒತ್ತಾಯದಿಂದ, ಹಿಮವನ್ನು ತುಳಿದು ಹೋಗುತ್ತಾನೆ. ಗಡಿಯ ಹಳ್ಳಿಯವನಾದ ಓಮರನು ಸೈನಿಕರ ಗುಂಡಿಗೆ ಸಿಕ್ಕ ಅಣ್ಣನ ಶವವನ್ನು ಕಂಡರೂ ಗುರುತಿಲ್ಲದವನಂತೆ ನಿಲ್ಲಬೇಕಾಗುತ್ತದೆ. ಸೆರೆಮನೆಯ ಹೊರಗೂ ಸೆರೆಯೇ. ಅದರ ಗೋಡೆಗಳಲ್ಲಿ ಕೆಲವನ್ನು ಸರ್ಕಾರವು ಕಟ್ಟಿದೆ, ಕೆಲವನ್ನು ಜನರೇ ಕಟ್ಟಿಕೊಂಡಿದ್ದಾರೆ. ತನ್ನವರ ಕ್ರೌರ್ಯವನ್ನು ಮರೆಮಾಚದಿರುವುದೇ ಗುನೇಯ ದೊಡ್ಡ ಗುಣ. ಓಮರನ ನಾಡು ಬಂದಾಗ ‘ಕುರ್ದಿಸ್ತಾನ್’ ಎಂಬ ಅಕ್ಷರಗಳು ತೆರೆಯ ಮೇಲೆ ಮೂಡುತ್ತವೆ.

೧೯೮೨ರಲ್ಲಿ ಕಾನ್ ಉತ್ಸವದ ಪರಮಪ್ರಶಸ್ತಿಯನ್ನು ‘ಯೋಲ್’ ಚಿತ್ರವು ಕೋಸ್ತಾ ಗಾವ್ರಾಸನ ‘ಮಿಸ್ಸಿಂಗ್’ ಚಿತ್ರದೊಡನೆ ಹಂಚಿಕೊಂಡಿತು. ತುರ್ಕಿಯಲ್ಲಿ ಇದರ ಪ್ರದರ್ಶನಕ್ಕೆ ೧೯೯೯ರವರೆಗೆ ಅವಕಾಶವಿರಲಿಲ್ಲ. ಗುನೇಯ ಪೌರತ್ವವು ರದ್ದಾಯಿತು. ೧೯೮೩ರಲ್ಲಿ ಆತನು ಫ್ರಾನ್ಸಿನಲ್ಲಿ, ಮಕ್ಕಳ ಸೆರೆಮನೆಯನ್ನು ಕುರಿತ ‘ದುವಾರ್’ (ಗೋಡೆ) ಎಂಬ ಕಡೆಯ ಚಿತ್ರವನ್ನು ನಿರ್ದೇಶಿಸಿದನು. ಪ್ಯಾರಿಸಿನ ಕುರ್ದಿ ವಿದ್ಯಾಸಂಸ್ಥೆಯ ಸ್ಥಾಪಕರಲ್ಲಿಯೂ ಒಬ್ಬನಾದನು. ೧೯೮೪ರ ಸೆಪ್ಟೆಂಬರ್ ೯ರಂದು ಉದರದ ಅರ್ಬುದರೋಗದಿಂದ ೪೭ನೆಯ ವಯಸ್ಸಿನಲ್ಲಿ ಪ್ಯಾರಿಸಿನಲ್ಲಿಯೇ ಮೃತನಾದನು. ಪೆರ್ ಲಾಶೇಜ್ ಶ್ಮಶಾನದಲ್ಲಿ ಆತನ ಸಮಾಧಿಯಿದೆ.

೫. ನಿರ್ಣಯ

ಇನ್ನು ಆರಂಭದ ಪ್ರಶ್ನೆಗಳು. ‘ಯೋಲ್’ ಚಿತ್ರದ ನಿರ್ದೇಶಕನು ಗೊರೆನನೆಂದು ಕೆಲವರು, ಗುನೇಯೆಂದು ಹಲವರು ಹೇಳುವರು. ಹಿಮದಲ್ಲಿ ನಿಂತು ನಟರನ್ನು ನಡೆಸಿದವನು, ಸೈನ್ಯಾಡಳಿತದ ಭಯದಲ್ಲಿ ಕೆಲಸವನ್ನು ಪೂರೈಸಿದವನು ಗೊರೆನನು. ಆತನನ್ನು ಕೇವಲ ಲಿಪಿಕಾರನ ಸ್ಥಾನಕ್ಕೆ ಇಳಿಸುವುದು ಅನ್ಯಾಯ. ಆದರೆ ಕಥೆಯ ಕಲ್ಪನೆ, ದೃಶ್ಯಗಳ ಯೋಜನೆ, ಕೊನೆಯಲ್ಲಿ ಸುರುಳಿಗಳಿಗೆ ಕ್ರಮವನ್ನು ಕೊಟ್ಟ ಸಂಕಲನ, ಈ ಮೂರೂ ಗುನೇಯವು. ಆದುದರಿಂದ ನಿರ್ದೇಶನವು ಗೊರೆನನದು, ಕರ್ತೃತ್ವದ ಮುಖ್ಯಾಂಶವು ಗುನೇಯದು ಎಂದು ಹೇಳುವುದು ಯುಕ್ತ. ‘ಸುರು’ ಚಿತ್ರದ ಸಂಕಲನವು ಆತನ ಕೈಯಲ್ಲಿರಲಿಲ್ಲವಾದುದರಿಂದ ಅಲ್ಲಿ ಓಕ್ತೆನನ ಪಾಲು ಇನ್ನೂ ಹಿರಿದು.

ಭಾಷೆಯ ಪ್ರಶ್ನೆಯು ಇಷ್ಟು ಸುಲಭವಲ್ಲ. ತುರ್ಕಿಯ ೧೯೮೩ರ ಕಾನೂನೊಂದು ಕುರ್ದಿ ನುಡಿಯಲ್ಲಿ ವಿಚಾರಗಳನ್ನು ಪ್ರಕಟಿಸುವುದನ್ನೇ ನಿಷೇಧಿಸಿತು. ಅದು ರದ್ದಾದುದು ೧೯೯೧ರಲ್ಲಿ. ಅಂಥ ಕಾಲದಲ್ಲಿ ಒಂದು ಜನಾಂಗದ ಬಾಳು ಪರಭಾಷೆಯ ಸಂಭಾಷಣೆಗಳ ನಡುವಣ ಮೌನದಲ್ಲಿ, ಹಾಡಿನಲ್ಲಿ, ಮುಖಚರ್ಯೆಯಲ್ಲಿ ಉಳಿದುಬಂದಿತು. ೨೦೦೦ದಲ್ಲಿ ಇರಾನಿನ ಕುರ್ದನಾದ ಬಹ್ಮನ್ ಗೊಬಾದಿಯು ಕುರ್ದಿ ನುಡಿಯಲ್ಲಿಯೇ ಮಾಡಿದ ‘ಮತ್ತೇರಿದ ಕುದುರೆಗಳ ಕಾಲ’ವು ಅದೇ ಕಾನ್ ಉತ್ಸವದಲ್ಲಿ, ಪ್ರಥಮಕೃತಿಗಳಿಗೆ ಸಲ್ಲುವ ಪ್ರಶಸ್ತಿಯ ಪಾಲನ್ನು ಪಡೆಯಿತು. ಬೆರಿವಾನಳು ನುಂಗಿಕೊಂಡ ಮಾತನ್ನು ಗಡಿಯಾಚೆಯ ಮಕ್ಕಳು ಆಡಿದರು. ಒಂದು ಜನದ ಕಲೆಯು ಆ ಜನದ ನುಡಿಗಿಂತ ಮೊದಲೇ ಹುಟ್ಟಬೇಕಾದ ವಿಪರೀತಕ್ಕೆ ಗುನೇಯ ಕೃತಿಗಳು ಸಾಕ್ಷಿಯಾಗಿವೆ.