ಕ್ರೀಡಾಪಟುಗಳಿಗೆ ಆಪ್ತಸಮಾಲೋಚನೆ

ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಕಾಡುವ ಆತಂಕ, ಖಿನ್ನತೆ, ನಿದ್ದೆಗೇಡುಗಳಿಗೆ ತರಬೇತಿ ಪಡೆದ ಆಪ್ತಸಲಹೆಗಾರರು ನೀಡುವ ನೆರವು. ಇದು ಕ್ರೀಡಾ ಮನೋವಿಜ್ಞಾನದ ಒಂದು ಕವಲು. ಆದರೆ ಆ ವಿಜ್ಞಾನ ಬಹುಕಾಲ ಆಟವನ್ನು ಸುಧಾರಿಸಲು ದುಡಿಯಿತೇ ಹೊರತು ಆಡುವವರ ನೋವಿಗೆ ಕಿವಿಗೊಡಲಿಲ್ಲ.

1925ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೋಲ್ಮನ್ ಗ್ರಿಫಿತ್ ಕ್ರೀಡಾ ಪ್ರಯೋಗಾಲಯ ತೆರೆದರು. 1938ರಲ್ಲಿ ಷಿಕಾಗೊ ಕಬ್ಸ್ ಬೇಸ್‌ಬಾಲ್ ತಂಡದ ಮಾಲೀಕ ಫಿಲಿಪ್ ರಿಗ್ಲಿ ಈ ಗ್ರಿಫಿತ್ ಅವರನ್ನು ಕರೆಸಿಕೊಂಡರೂ ಮ್ಯಾನೇಜರ್ ಚಾರ್ಲಿ ಗ್ರಿಮ್ ಸಹಕರಿಸಲಿಲ್ಲ. ಮನಸ್ಸಿನ ಮಾತೆತ್ತಿದವರನ್ನು ತಂಡದೊಳಗೇ ಅನುಮಾನದಿಂದ ನೋಡುವ ಈ ಚಾಳಿ ದಶಕಗಟ್ಟಲೆ ಬಿಡಲಿಲ್ಲ. 1965ರಲ್ಲಿ ರೋಮ್‌ನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಮನೋವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು.

ಮೌನ ಮುರಿದವರು ಆಟಗಾರರೇ. 2006ರಲ್ಲಿ ಭಾರತ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಹೋದ ಇಂಗ್ಲೆಂಡಿನ ಕ್ರಿಕೆಟಿಗ ಮಾರ್ಕಸ್ ಟ್ರೆಸ್ಕಾಥಿಕ್ ಮೊದಲು ವೈರಾಣು ಸೋಂಕಿನ ನೆಪ ಹೇಳಿದ್ದರು. ಖಿನ್ನತೆಯ ಕಥೆಯನ್ನು 2008ರ ಆತ್ಮಕಥೆಯಲ್ಲಿ ವಿವರವಾಗಿ ಬಿಚ್ಚಿಟ್ಟರು. 2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್ ಮೇಲಿಂದ ಚಿಮ್ಮಿ, ಎರಡೂವರೆ ತಿರುವು ಹಾಕಬೇಕಾದಲ್ಲಿ ಒಂದೂವರೆಗೇ ನಿಂತರು. ಗಾಳಿಯಲ್ಲಿ ದೇಹ ಎಲ್ಲಿದೆಯೆಂಬ ಅರಿವೇ ತಪ್ಪುವ ಈ ಸ್ಥಿತಿಯನ್ನು ಜಿಮ್ನಾಸ್ಟರು ‘ಟ್ವಿಸ್ಟೀಸ್’ ಎನ್ನುತ್ತಾರೆ. ಹಾಗೇ ಮುಂದುವರಿದಿದ್ದರೆ ಕತ್ತು ಮುರಿಯುವ ಅಪಾಯವಿತ್ತು. ಅವರು ಸ್ಪರ್ಧೆಯಿಂದ ಹಿಂದೆ ಸರಿದದ್ದು ಹೇಡಿತನವಲ್ಲ, ವಿವೇಕ.

ಭಾರತ ಕ್ರಿಕೆಟ್ ತಂಡ 2003ರ ವಿಶ್ವಕಪ್ ಹೊತ್ತಿಗೆ ಕ್ರೀಡಾ ಮನೋವಿಜ್ಞಾನಿ ಸ್ಯಾಂಡಿ ಗಾರ್ಡನ್ ಅವರ ನೆರವು ಪಡೆಯಿತು. 2008ರಿಂದ 2011ರವರೆಗೆ ಮಾನಸಿಕ ತರಬೇತುದಾರ ಪ್ಯಾಡಿ ಅಪ್ಟನ್ ತಂಡದ ಜೊತೆಗಿದ್ದರು. ಇವೆರಡರಲ್ಲೂ ಒತ್ತು ಇದ್ದದ್ದು ಮನೋದಾರ್ಢ್ಯದ ಮೇಲೆ. ಅದೇ ವರ್ಷಗಳಲ್ಲಿ ಕರ್ನಾಟಕದ ಕ್ರಿಕೆಟಿಗ ರಾಬಿನ್ ಉತ್ತಪ್ಪ ಖಿನ್ನತೆಯಲ್ಲಿ ಮುಳುಗಿದ್ದರು. ತನ್ನನ್ನು ತಾನು ಅರಿಯಲು ಡೈರಿ ಬರೆಯತೊಡಗಿ, ಆಮೇಲೆ ಹೊರಗಿನವರ ಸಹಾಯ ಪಡೆದೆನೆಂದು ಅವರು ಹೇಳಿಕೊಂಡದ್ದು 2020ರಲ್ಲಿ. ಗೆಲುವೂ ಕಾಪಾಡುವುದಿಲ್ಲ: 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನದ ನಂತರವೇ ತಮಗೆ ಬದುಕಿನ ದೊಡ್ಡ ಮಾನಸಿಕ ಬಿಕ್ಕಟ್ಟು ಎದುರಾಯಿತೆಂದು ಶೂಟರ್ ಅಭಿನವ್ ಬಿಂದ್ರಾ ತಿಳಿಸಿದ್ದಾರೆ.

2019ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾಪಟುಗಳ ಮಾನಸಿಕ ಆರೋಗ್ಯದ ಕುರಿತು ತಜ್ಞರ ಒಮ್ಮತದ ಹೇಳಿಕೆ ಪ್ರಕಟಿಸಿತು. ದೈಹಿಕ ಗಾಯದಷ್ಟೇ ಗಂಭೀರವಾಗಿ ಮನಸ್ಸಿನ ನೋವನ್ನೂ ನೋಡಬೇಕೆಂಬ ಮಾತಿಗೆ ಅದರಿಂದ ಬಲ ಬಂತು.

ಗೋಪ್ಯತೆಯೇ ಇಲ್ಲಿ ಅತಿ ಸೂಕ್ಷ್ಮ ವಿಷಯ. ಸಲಹೆಗಾರರಿಗೆ ಸಂಬಳ ಕೊಡುವುದು ತಂಡ. ಮನಸ್ಸು ಬಿಚ್ಚಬೇಕಾದವರು ಆಟಗಾರರು. ಹೇಳಿದ್ದು ಆಯ್ಕೆ ಸಮಿತಿಯ ಕಿವಿಗೆ ಬೀಳುತ್ತದೆಂಬ ಅಳುಕು ಇರುವವರೆಗೆ ಯಾರೂ ಬಾಯಿ ಬಿಡಲಾರರು. ಆದ್ದರಿಂದ ಆಪ್ತಸಲಹೆಗಾರರನ್ನು ಆಯ್ಕೆದಾರರಿಂದಲೂ ತರಬೇತುದಾರರಿಂದಲೂ ಬೇರೆಯಾಗಿಯೇ ಇಡಬೇಕು.